ನಾಲ್ಕು ಹೆಜ್ಜೆಯ ಮನೆಯಲ್ಲಿ ಕಳೆದುಹೋದದ್ದು

ಬಟವಾಡಿ, ಹೊರಡುವ ಮೊದಲು

ನನ್ನ ದಿಂಬಿನಿಂದ ಸ್ಟೀರಿಂಗಿಗೆ ನಾಲ್ಕು ಹೆಜ್ಜೆ. ಒಲೆಯಿಂದ ಕಕ್ಕಸಿಗೆ ಒಂದೂವರೆ. ಒಂದು ವರ್ಷ ನಮ್ಮ ಮನೆ ಇದ್ದದ್ದೇ ಅಷ್ಟು, ಅದೂ ದಿನಕ್ಕೊಂದು ಊರಿನಲ್ಲಿ. ಕೇಳಿದವರೆಲ್ಲ "ಎಂಥಾ ಅದೃಷ್ಟ ರೀ ನಿಮ್ದು" ಎನ್ನುತ್ತಾರೆ. ಅವರಲ್ಲಿ ಯಾರೂ ಆ ಒಂದೂವರೆ ಹೆಜ್ಜೆಯಲ್ಲಿ ಸಂಸಾರ ಮಾಡಿದವರಲ್ಲ.

ಹುಚ್ಚು ನನ್ನದಲ್ಲ, ನಮ್ಮ ಯಜಮಾನರದು. ಹೆಸರು ಗಂಗಾಧರಪ್ಪ. ಗುಬ್ಬಿ ಕಡೆಯ ತೆಂಗಿನ ತೋಟದವರು. ಬಸ್ ಡಿಪೋಗೆ ಮೆಕ್ಯಾನಿಕ್ಕಾಗಿ ಸೇರಿ ಮೇಲ್ವಿಚಾರಕರಾಗಿ ನಿವೃತ್ತರಾದರು. ಮೂವತ್ತೈದು ವರ್ಷ ಬಸ್ಸುಗಳ ಕೆಳಗೆ ಮಲಗಿ ಕೆಲಸ ಮಾಡಿದವರಿಗೆ ಆಮೇಲೆ ಗಾಡಿಯ ಒಳಗೆ ಮಲಗಬೇಕು ಅನ್ನಿಸಿತು. ಗಾಡಿಯಲ್ಲೇ ಒಲೆ, ಹಾಸಿಗೆ, ನೀರಿನ ಟ್ಯಾಂಕು ಇಟ್ಟುಕೊಂಡು ಊರೂರು ಅಲೆಯುವ ವಿದೇಶಿ ಮುದುಕ ಮುದುಕಿಯರ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ, ಒಂದು ದಿನ ಚಪಾತಿ ಮುರಿಯುತ್ತಾ ಹೇಳಿದರು: "ಆಸ್ಟ್ರೇಲಿಯಾಗೆ ಹೋಗಾಣ. ಒಂದ್ ವರ್ಸ. ಅಲ್ಲೂ ನಮ್ಮಂಗೇ ಎಡಗಡೆ ಓಡುಸ್ತಾರೆ ಕಣೇ."

ಒಂದು ದೇಶಕ್ಕೆ ಹೋಗಲು ಇಷ್ಟು ಸಾಕೇ? ಸಾಕಾಯಿತು. ತುಮಕೂರಿನ ಬಟವಾಡಿಯ ನಮ್ಮ ಮನೆಯನ್ನು ನರ್ಸೊಬ್ಬರ ಸಂಸಾರಕ್ಕೆ ಬಾಡಿಗೆಗೆ ಕೊಟ್ಟೆವು. ಹುತ್ರಿದುರ್ಗದ ಬುಡದಲ್ಲಿರುವ ನನ್ನ ತವರಿಗೆ ಹೇಳಿ ಬರಲು ಹೋದಾಗ ನಮ್ಮಣ್ಣ ಕೇಳಿದ: "ಮನೆ ಮಠ ಎಲ್ಲಾ ಇಟ್ಕಂಡು ಗಾಡೀಲ್ ಇರಕ್ಕೆ ನಿಮ್ಗೇನ್ ಬಂದದವ್ವಾ?" ಹೋಗುವುದಿಲ್ಲ ಎಂದು ನಾನು ಒಮ್ಮೆಯಾದರೂ ಹೇಳಿದ್ದೆನೇ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಹೇಳಿದ ಹಾಗೆ ನೆನಪು. ಆದರೆ ಡೈರಿಯಲ್ಲಿ ಇಲ್ಲ.

ನೆನಪನ್ನು ನಾನು ನಂಬುವವಳಲ್ಲ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿ, ತುಮಕೂರಿನ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳಿ ನಿವೃತ್ತಳಾದವಳು. ಅಂದಂದೇ ಬರೆದಿಟ್ಟ ಒಂದು ಸಾಲು ಆಮೇಲಿನ ಹತ್ತು ಬಾಯಿಗಳಿಗಿಂತ ದೊಡ್ಡ ಸಾಕ್ಷಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಆದ್ದರಿಂದ ಗಾಡಿಯಲ್ಲೂ ದಿನಾ ಸಂಜೆ ಡೈರಿ ಬರೆದೆ. ಆ ಹೆಮ್ಮೆಗೆ ಏನಾಯಿತು ಎಂಬುದೂ ಈ ಬರಹದಲ್ಲಿ ಬರುತ್ತದೆ.

ಅಡಿಲೇಡ್, ಮೊದಲ ವಾರಗಳು

ಇವರ ಹಳೆಯ ಸಹೋದ್ಯೋಗಿಯ ಮಗಳು ಅಡಿಲೇಡಿನಲ್ಲಿದ್ದಾಳೆ. ಅವಳ ನೆರವಿನಿಂದ ಹಳೆಯ ಕ್ಯಾಂಪರ್ ವ್ಯಾನ್ ಒಂದನ್ನು ಕೊಂಡೆವು. ಇವರು ಮೊದಲು ಮಾಡಿದ ಕೆಲಸ ಅದರ ಕೆಳಗೆ ತೂರಿದ್ದು. ನಾನು ಮೊದಲು ಮಾಡಿದ್ದು ಮುದ್ದೆ. ಇಂಡಿಯನ್ ಅಂಗಡಿಯಲ್ಲಿ ರಾಗಿಹಿಟ್ಟು ಸಿಕ್ಕಿತ್ತು. ಕೋಲನ್ನು ಊರಿನಿಂದಲೇ ಸೀರೆಯಲ್ಲಿ ಸುತ್ತಿಕೊಂಡು ಬಂದಿದ್ದೆ. ಪಾತ್ರೆಯನ್ನು ಕಾಲಲ್ಲಿ ಅದುಮಿ ಹಿಡಿದು ತಿರುವತೊಡಗಿದೆ. ಎರಡು ನಿಮಿಷದಲ್ಲಿ ಇಡೀ ಗಾಡಿ ತೊಟ್ಟಿಲಿನ ಹಾಗೆ ತೂಗಲು ಶುರುವಾಯಿತು. ಇಂಥ ಗಾಡಿಗಳೆಲ್ಲ ತಂಗುವ ಕ್ಯಾಂಪಿನಲ್ಲಿ ನಮ್ಮ ಪಕ್ಕದ ಗಾಡಿಯ ಹೆಂಗಸು ಬಂದು ಬಾಗಿಲು ತಟ್ಟಿ, ನನ್ನ ಮುಖ ನೋಡಿ, ಇವರ ಮುಖ ನೋಡಿ, "ಎಲ್ಲ ಸರಿಯಾಗಿದೆಯಾ?" ಎಂದು ಕೇಳಿದಳು. ನನ್ನ ಕೈಯಲ್ಲಿ ಕೋಲಿತ್ತು. ಅವಳು ಏನೆಂದುಕೊಂಡಳೋ. ಅಂದಿನಿಂದ ಮುದ್ದೆ ತಿರುವುವುದು ಗಾಡಿಯ ಹೊರಗೆ, ಮೆಟ್ಟಿಲ ಪಕ್ಕದಲ್ಲಿ.

ಅಲ್ಲಿನವರ ರೀತಿಯೇ ಬೇರೆ. ಸಂಜೆ ಬನ್ನಿ, ಒಟ್ಟಿಗೆ ಕೂರೋಣ ಎಂದು ಕರೆಯುತ್ತಾರೆ. ಹೋದರೆ ನಮ್ಮ ಕುರ್ಚಿಯನ್ನು ನಾವೇ ಹೊತ್ತುಕೊಂಡು ಹೋಗಬೇಕು, ನಮ್ಮ ಊಟ ನಾವೇ ಒಯ್ಯಬೇಕು, ಅವರದು ಅವರು ಉಣ್ಣುತ್ತಾರೆ. ಇವರಿಗೆ ಅದು ಕೊನೆಯವರೆಗೂ ಜೀರ್ಣವಾಗಲಿಲ್ಲ. ಇವರು ಮಠದ ಹಾಸ್ಟೆಲಿನಲ್ಲಿ ಸಾಲಿನಲ್ಲಿ ಕೂತು ಉಂಡು ಓದಿದವರು. ಎದುರಿಗೆ ಬಂದವರನ್ನು "ಊಟ ಆಯ್ತಾ?" ಎಂದು ಕೇಳದೆ, ಆಗಿಲ್ಲ ಅಂದರೆ ಬಡಿಸದೆ, ಇವರಿಗೆ ತುತ್ತು ಇಳಿಯುವುದಿಲ್ಲ. "ಯೂ ಈಟ್ ಫುಡ್?" ಎಂದು ಇಡೀ ಕ್ಯಾಂಪಿಗೆ ಕೇಳಿಕೊಂಡು ಬರುವರು. ನಾಲ್ಕು ಹೆಜ್ಜೆಯ ಮನೆಯಲ್ಲಿ, ಎರಡು ಬರ್ನರಿನ ಒಲೆಯಲ್ಲಿ, ನಾನು ಆರು ಜನಕ್ಕೆ ಬೇಯಿಸಬೇಕು. ಬಂದವರು ತಮ್ಮ ಕುರ್ಚಿಯ ಜೊತೆಗೆ ತಮ್ಮ ಮಾಂಸವನ್ನೂ ತಂದು ಇವರ ಮುಂದೆಯೇ ಸುಡುವರು. ಇವರು ಮೂಗು ಅತ್ತ ತಿರುಗಿಸಿಕೊಂಡು "ತಿನ್ನಿ, ತಿನ್ನಿ" ಎನ್ನುವರು.

ಇನ್ನೊಂದು ಬಿಗಿ ಇವರದು. ಬೆಳಿಗ್ಗೆ ಇಷ್ಟಲಿಂಗ ಪೂಜೆ ಆಗದೆ ಬಾಯಿಗೆ ಏನೂ ಹಾಕುವುದಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದು ನೀರೆರೆದು, ವಿಭೂತಿ ಹಚ್ಚಿ, ಮತ್ತೆ ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುವರು. ನಾನೂ ಲಿಂಗಧಾರಿಯೇ. ಆದರೆ ಕಾಲೇಜಿಗೆ ಓಡುವ ದಿನಗಳಲ್ಲಿ ಕಾಫಿ ಮೊದಲು, ಪೂಜೆ ಆಮೇಲೆ ಎಂದು ರಾಜಿ ಮಾಡಿಕೊಂಡವಳು. ಇವರು ರಾಜಿಯವರಲ್ಲ. ಪೂಜೆಯ ನೀರನ್ನು ಬಚ್ಚಲಿಗೆ ಬಿಡಬಾರದು, ಗಿಡದ ಬುಡಕ್ಕೇ ಹಾಕಬೇಕು. ಕ್ಯಾಂಪಿನಲ್ಲಿ ನೀರನ್ನು ನೆಲಕ್ಕೆ ಚೆಲ್ಲಬಾರದೆಂದು ನಿಯಮ. ಅದಕ್ಕೆ ಬಾಟಲಿಗಳಲ್ಲಿ ತುಂಬಿಟ್ಟುಕೊಂಡು, ದಾರಿಯಲ್ಲಿ ಮರ ಕಂಡಲ್ಲಿ ಗಾಡಿ ನಿಲ್ಲಿಸಿ ಇಳಿಯುವರು. ನಾಲ್ಕು ತಿಂಗಳಾದ ಮೇಲೆ ನಾವು ಹೊರಟಿದ್ದು ನಲ್ಲರ್‌ಬೋರ್ ಬಯಲಿಗೆ. ಆ ಹೆಸರಿನ ಅರ್ಥವೇ ಮರವಿಲ್ಲದ್ದು ಎಂದು. ನಾನು ಹೇಳಿದೆ. "ಒಂದಾದ್ರೂ ಇರ್ತದೆ ಬುಡು" ಎಂದರು.

ಗಡಿ

ಆ ದೇಶದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವಾಗ ಹಣ್ಣು, ತರಕಾರಿ, ಗಿಡ, ಜೇನುತುಪ್ಪ ಒಯ್ಯಬಾರದು. ರೋಗ, ಹುಳು ದಾಟಿಬಿಡುತ್ತವೆಂಬ ಭಯ. ಪಶ್ಚಿಮದ ಗಡಿಯಲ್ಲಿ ಗಾಡಿ ನಿಲ್ಲಿಸಿ ತಪಾಸಣೆ ಮಾಡುತ್ತಾರೆ. ಬೋರ್ಡುಗಳು ಎರಡು ದಿನದ ದಾರಿಯಿಂದಲೇ ಹೇಳುತ್ತಿದ್ದವು. ಆದರೂ ನಾನು ಕರಿಬೇವಿನ ಗಿಡವೊಂದನ್ನು ಸಿಂಕಿನ ಪಕ್ಕ ಕುಂಡದಲ್ಲಿ ಇಟ್ಟುಕೊಂಡೇ ಬಂದಿದ್ದೆ. ಓದಿದವಳಾಗಿ ಯಾಕೆ ಹಾಗೆ ಮಾಡಿದೆ? ನಮ್ಮ ಟೋಲ್‌ಗೇಟಿನ ಹಾಗೆ ಕೈ ಬೀಸಿ ಕಳಿಸಬಹುದು ಎಂದುಕೊಂಡಿದ್ದೆನೇನೋ.

ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಬಹಳ ಮರ್ಯಾದೆಯಿಂದ ಗಾಡಿ ಹತ್ತಿ ಪ್ರತಿಯೊಂದು ಡಬ್ಬ, ಪ್ರತಿಯೊಂದು ಬೀರು ತೆಗೆಸಿ ನೋಡಿದಳು. ರಾಗಿಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ಮೂಸಿ, ಪರವಾಗಿಲ್ಲ ಎಂದಳು. ಜೇನು ಹೋಯಿತು. ಕರಿಬೇವೂ ಹೋಯಿತು. ಹದಿನೇಳು ಚಿಗುರಿದ್ದವು. ಎಲೆಯನ್ನಾದರೂ ಕಿತ್ತುಕೊಳ್ಳುತ್ತೇನೆ ಎಂದು ನಾನು ಅವಳೊಂದಿಗೆ ವಾದಕ್ಕೆ ನಿಂತೆ. ಇವರು ಹಿಂದಿನಿಂದ "ಬುಡೇ, ಒಗ್ರಣೆಗೆ ಈರುಳ್ಳಿ ಹಾಕುವಂತೆ" ಎಂದರು. ಈರುಳ್ಳಿಯನ್ನೂ ಅವಳು ತೆಗೆದುಕೊಂಡಾಗಿತ್ತು.

ಅವತ್ತಿನ ಡೈರಿಯಲ್ಲಿ ಕರಿಬೇವಿಗೆ ಒಂದು ಪುಟ ಇದೆ. ನಡುವೆ ಒಂದು ಸಾಲು: "ತಪಾಸಣೆ ಶುರುವಾದ ಕೂಡಲೆ ಇವರು ಕೊಕ್ಕೆಯಿಂದ ಕರಡಿಗೆ ತೆಗೆದು ಕೊರಳಿಗೆ ಹಾಕಿಕೊಂಡರು." ಕೊಕ್ಕೆ ಯಾಕೆಂದರೆ, ಸೆಕೆಗೆ ಕೊರಳೆಲ್ಲ ಬೊಬ್ಬೆ ಎದ್ದು, ಒಂದು ವಾರದಿಂದ ಇವರು ಕರಡಿಗೆಯನ್ನು ಹಾಸಿಗೆಯ ಮೇಲಿನ ಕೊಕ್ಕೆಗೆ ತೂಗುಹಾಕುತ್ತಿದ್ದರು.

ಬಯಲು, ಒಂದನೆಯ ದಿನ

ಗಡಿ ದಾಟಿ ಇನ್ನೂರು ಕಿಲೋಮೀಟರು ಹೋಗಿ ತಂಗಿದೆವು. ತುಮಕೂರಿನಿಂದ ಗುಬ್ಬಿಗೆ ಹೋಗುವ ಇಪ್ಪತ್ತು ಕಿಲೋಮೀಟರಿನಲ್ಲಿ ಎಷ್ಟು ಊರು, ಎಷ್ಟು ಕಲ್ಯಾಣಮಂಟಪ, ಎಷ್ಟು ಎಳನೀರಿನವರು! ಇಲ್ಲಿ ಇನ್ನೂರು ಕಿಲೋಮೀಟರಿನಲ್ಲಿ ಎರಡು ಪೆಟ್ರೋಲ್ ಬಂಕು, ಮೂರು ಕಾಗೆ. ಮೊಬೈಲಿಗೆ ಸಿಗ್ನಲ್ ಇಲ್ಲ.

ಬೆಳಿಗ್ಗೆ ಸ್ನಾನ ಮಾಡಿ ಬಂದವರು ಕೊಕ್ಕೆ ನೋಡಿದರು. ಬರಿಗೊಕ್ಕೆ.

"ಗಿರಿಜಾ, ಕರಡಿಗೆ ಎಲ್ಲಿಟ್ಟೆ?"

"ನಾನ್ಯಾಕೆ ಇಡ್ಲಿ? ನಿನ್ನೆ ನೀವೇ ಹಾಕ್ಕೊಂಡ್ರಲ್ಲ."

"ನಾನಾ? ಇಲ್ಲ ಕಣೇ."

"ಹಾಕ್ಕೊಂಡ್ರಿ. ನಾನು ಕಣ್ಣಾರೆ ನೋಡಿದೀನಿ. ಬೇಕಾದ್ರೆ ಓದ್ತೀನಿ ಕೇಳಿ." ಡೈರಿ ತೆಗೆದು ಓದಿದೆ. ಗೆದ್ದವಳ ದನಿಯಲ್ಲೇ ಓದಿದೆ ಎಂದು ಒಪ್ಪಿಕೊಳ್ಳಬೇಕು.

ಇವರ ಮುಖ ಕಪ್ಪಿಟ್ಟಿತು. "ಹಂಗಾದ್ರೆ ದಾರ ಕಿತ್ತು ಎಲ್ಲೋ ಬಿದ್ದೋಗದೆ" ಎಂದರು. ನಾನು ಬರೆದದ್ದನ್ನು ತಮ್ಮ ನೆನಪಿಗಿಂತ ಹೆಚ್ಚು ನಂಬಿದರು. ನಲವತ್ತು ವರ್ಷದಲ್ಲಿ ಅವರು ನನ್ನ ಮಾತನ್ನು ಇಷ್ಟು ಸಲೀಸಾಗಿ ಒಪ್ಪಿದ್ದು ಅದೊಂದೇ ಸಲ.

ಗಾಡಿಯ ಸುತ್ತ ನೆಲವನ್ನೆಲ್ಲ ಕೂತು ತಡಕಿದರು. ಸೀಟು ಬಿಚ್ಚಿದರು. ಹಾಸಿಗೆಯ ಹಲಗೆ ಬಿಚ್ಚಿದರು. ಸಿಂಕಿನ ಪೈಪು ಬಿಚ್ಚಿ, ಕೊಳೆನೀರನ್ನು ನನ್ನ ಹಳೆಯ ವಾಯಿಲ್ ಸೀರೆಯಲ್ಲಿ ಸೋಸಿದರು. ಡಿಪೋದವರ ಕೈ. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆ ನೂರು ಬಿಡಿಭಾಗಗಳಾಗಿ ಕೆಂಪು ಮಣ್ಣಿನ ಮೇಲೆ ಹರಡಿಕೊಂಡಿತ್ತು. ನಾನು ಸ್ಕ್ರೂಗಳನ್ನು ಲೋಟದಲ್ಲಿ ಎತ್ತಿಡುತ್ತಿದ್ದೆ.

"ಏನಾದ್ರೂ ತಿನ್ನಿ."

"ಲಿಂಗ ಇಲ್ದೆ ಯಾರಿಗರ್ಪಿಸಿ ತಿನ್ಲಿ?"

"ಊರಿಗೆ ಹೋದ್ಮೇಲೆ ಗುರುಗಳ ಹತ್ರ ಕೇಳಿ ಬೇರೆ ತಗೊಂಡ್ರಾಯ್ತು. ಆಗದೇ ಇರೋದೇನಲ್ಲವಲ್ಲ."

"ಊರಿಗೋಗಕ್ಕೆ ಎಂಟ್ ತಿಂಗ್ಳದೆ."

"ಸಿಗ್ನಲ್ ಸಿಕ್ಕಿದ ಕಡೆ ಅಯ್ಯನೋರಿಗೆ ಫೋನ್ ಮಾಡಿ ಕೇಳೋಣ."

"ಫೋನಲ್ಲಿ ದೀಕ್ಷೆ ಕೊಡ್ತಾರೇನೇ? ಓದ್ದೋಳಂಗೆ ಮಾತಾಡು."

ನಗು ಬರಬೇಕಿತ್ತು, ಬರಲಿಲ್ಲ. ಇವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಉಣ್ಣದಿದ್ದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು ಎಂದು ಬಟವಾಡಿಯ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ಮಾತ್ರೆ ಊಟವಲ್ಲ ಎಂದು ಇವರು ಬೆಳಿಗ್ಗೆ ನುಂಗಿಯಾಗಿತ್ತು! ಉಳಿದ ಮಾತ್ರೆಗಳನ್ನು ನಾನು ಬಚ್ಚಿಟ್ಟೆ. ಆಸ್ಪತ್ರೆ ಯಾವ ಕಡೆಗೆ ಹೋದರೂ ಒಂದು ದಿನದ ದಾರಿ. ಇವರು ನೀರು ಬಿಟ್ಟು ಏನೂ ಮುಟ್ಟಲಿಲ್ಲ. ನನ್ನೊಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸಾಗದೆ, ನಾಲ್ಕು ಬಿಸ್ಕತ್ತನ್ನು ಇವರಿಗೆ ಕಾಣದ ಹಾಗೆ ಗಾಡಿಯ ಹಿಂದೆ ನಿಂತು ತಿಂದೆ. ಅಷ್ಟು ದೊಡ್ಡ ಬಯಲಿನಲ್ಲಿ ನನಗೆ ಬಚ್ಚಿಟ್ಟುಕೊಳ್ಳಲು ಬೇರೆ ಜಾಗವಿರಲಿಲ್ಲ.

ಬಯಲು, ಎರಡನೆಯ ದಿನ

ಎದ್ದವರೇ "ಗಡಿಗೆ ವಾಪಸ್ ಹೋಗಾಣ, ಅಲ್ಲೇ ಬಿದ್ದದೆ" ಎಂದರು. ಬೀಗದ ಕೈ ತೂರಿಸಲು ಹೋದರು. ಕೈ ನಡುಗುತ್ತಿತ್ತು. ಹಣೆಯಲ್ಲಿ ಬೆವರು. ನಾನು ಕೀ ಕಸಿದುಕೊಂಡೆ.

"ಅತ್ಲಾಗ್ ಸರೀರಿ. ನಾನು ಓಡಿಸ್ತೀನಿ."

"ನೀನಾ? ಸ್ಕೂಟಿ ಅಲ್ಲ ಕಣೇ ಇದು."

"ಲೈಸೆನ್ಸ್ ನಂಗೂ ಇದೆ."

ಇತ್ತು. ತುಮಕೂರಿನ ಆರ್‌ಟಿಓ ಮೈದಾನದಲ್ಲಿ ಇಂಗ್ಲಿಷಿನ ಎಂಟು ಹಾಕಿ ಪಡೆದದ್ದು. ಆಮೇಲೆ ಕಾರನ್ನು ನಮ್ಮ ಬೀದಿಯ ಕೊನೆಯ ತನಕ ನಾಲ್ಕು ಸಲ ಓಡಿಸಿದ್ದೆ. ಮೂರು ಟ್ರೈಲರು ಕಟ್ಟಿಕೊಂಡ ಲಾರಿಗಳು ಎದುರಿಗೆ ಬಂದು ಹಾದಾಗ ನಮ್ಮ ಮನೆ ಪೂರ್ತಿ ಪಕ್ಕಕ್ಕೆ ಸರಿಯುತ್ತಿತ್ತು. ಸರಿಯಾಗಿ ಜೋಡಿಸದ ಬೀರುಗಳಿಂದ ಲೋಟಗಳು ಬೀಳುತ್ತಿದ್ದವು. ಇವರು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡೇ "ಕ್ಲಚ್... ಕ್ಲಚ್ ಬುಡು..." ಎನ್ನುತ್ತಿದ್ದರು. ಬರಬರುತ್ತಾ ಅದೂ ನಿಂತಿತು. ನನಗೆ ಅದೇ ಹೆದರಿಕೆಯಾಯಿತು. ಕ್ಲಚ್ಚಿನ ಬಗ್ಗೆ ಬೈಯದ ಗಂಗಾಧರಪ್ಪನನ್ನು ನಾನು ನೋಡಿರಲಿಲ್ಲ.

ರಸ್ತೆಬದಿಯ ತಂಗುದಾಣವೊಂದರಲ್ಲಿ ನಿಲ್ಲಿಸಿ, ಸಕ್ಕರೆಯನ್ನು ಬೆರಳಲ್ಲಿ ತೆಗೆದುಕೊಂಡು ಬಾಯಿಗೆ ಹಾಕಲು ಹೋದೆ. ಹಲ್ಲು ಕಚ್ಚಿ ಹಿಡಿದರು. ಅರವತ್ತೇಳು ವರ್ಷದ ಮನುಷ್ಯ! ಅಳು ಮತ್ತು ಸಿಟ್ಟು ಎರಡೂ ಒಟ್ಟಿಗೆ ಬಂದು, "ನಿಮ್ಮ ಶಿವ ಇಷ್ಟು ಕಲ್ಲು ಮನಸ್ಸಿನೋನಾ?" ಎಂದು ಕೂಗಿದೆ. ಹಾಗೆಂದೆನೆಂದು ಡೈರಿಯಲ್ಲಿದೆ. ಇನ್ನೂ ಕೆಟ್ಟದ್ದೇನಾದರೂ ಅಂದಿದ್ದರೆ ಬರೆದುಕೊಂಡಿಲ್ಲ.

ಆಗ ಸೈಕಲ್ ಬಂತು. ಆ ಬಯಲನ್ನು ಸೈಕಲ್ಲಿನಲ್ಲಿ ದಾಟುವವರೂ ಇದ್ದಾರೆ. ಅರವತ್ತು ದಾಟಿದ ಗಂಡಸು, ಹೆಸರು ಪೀಟರ್, ಟಪಾಲು ಹಂಚಿ ನಿವೃತ್ತನಾದವನಂತೆ. ಸುಟ್ಟ ಬದನೆಕಾಯಿಯಂಥ ಮುಖ. ಖಾಲಿ ಬಾಟಲಿ ತೋರಿಸಿ ನೀರು ಕೇಳಿದ. ಕೊಟ್ಟೆ.

ಸೀಟಿಗೊರಗಿದ್ದ ಇವರು ಕಣ್ಣು ಬಿಟ್ಟರು. "ಯೂ... ಈಟ್ ಫುಡ್?"

ಅವನು ಒಂದು ಸಣ್ಣ ಬಿಸ್ಕತ್ತಿನ ಪೊಟ್ಟಣ ತೋರಿಸಿ ನಕ್ಕ.

"ಗಿರಿಜಾ, ಮುದ್ದೆ ಮಾಡು."

"ನೀವು ತಿನ್ನಲ್ಲ ಅಂತ ಸಾಯ್ತಾ ಕೂತಿದೀರಿ. ನಾನು ದಾರೀಲಿ ಹೋಗೋರಿಗೆ ಮುದ್ದೆ ತಿರುವಲಾ?"

"ನಂದ್ ನನಗಿರ್ಲಿ ಬುಡು. ಬಂದೋನು ಹಸ್ಕೊಂಡವ್ನೆ. ಮಾಡು."

ಆ ಕ್ಷಣ ಅವರನ್ನೂ, ಆ ಮಠದ ಹಾಸ್ಟೆಲನ್ನೂ, ಸೈಕಲನ್ನು ಕಂಡುಹಿಡಿದವನನ್ನೂ ಶಪಿಸಿದೆ. ಆದರೂ ಮೆಟ್ಟಿಲ ಪಕ್ಕ ಒಲೆ ಇಟ್ಟು ನೀರು ಕುದಿಯಲು ಬಿಟ್ಟೆ. ಡಬ್ಬದ ಮುಚ್ಚಳ ತೆಗೆದು ಲೋಟವನ್ನು ಹಿಟ್ಟಿಗೆ ಒತ್ತಿದೆ. ಟಣ್ ಎಂದಿತು.

ಬೆರಳು ಹಾಕಿದೆ. ದಾರ ಸಿಕ್ಕಿತು. ಎಳೆದೆ.

ಆಗ ಎಲ್ಲ ನೆನಪಾಯಿತು. ಅಥವಾ ನೆನಪಾದಂತೆ ಕಂಡಿತು. ಗಡಿಯಲ್ಲಿ ಆ ಹೆಂಗಸು ಹಾಸಿಗೆಯ ಕಡೆ ತಿರುಗಿದಾಗ, ಲಿಂಗವನ್ನು ಬೇರೆಯವರು ಮುಟ್ಟಬಾರದೆಂದು, ಕೊಕ್ಕೆಯಿಂದ ತೆಗೆದು, ಅವಳು ಆಗಲೇ ನೋಡಿ ಮುಗಿಸಿದ್ದ ಡಬ್ಬದೊಳಕ್ಕೆ ತುರುಕಿದ್ದು ನನ್ನ ಕೈ. ಮರುಕ್ಷಣ ಅವಳು ಕರಿಬೇವಿನ ಕುಂಡ ಎತ್ತಿದ್ದಳು. ಹದಿನೇಳು ಚಿಗುರು ನೆನಪಿತ್ತು, ಇದು ಅಳಿಸಿಹೋಗಿತ್ತು. ಸಂಜೆ ಬರೆಯುವಾಗ, ನಡೆಯಬೇಕಾಗಿದ್ದದ್ದನ್ನು ನಡೆದದ್ದೆಂದು ಬರೆದಿದ್ದೆ. ಇವರು ಉಣ್ಣದ್ದರಿಂದ ಮುದ್ದೆಯಿಲ್ಲ, ಮುದ್ದೆಯಿಲ್ಲದ್ದರಿಂದ ಡಬ್ಬ ತೆರೆಯಲಿಲ್ಲ, ಡಬ್ಬ ತೆರೆಯದ್ದರಿಂದ ಇವರು ಉಣ್ಣಲಿಲ್ಲ.

ಇವರು ಎರಡೂ ಕೈಯಲ್ಲಿ ಕರಡಿಗೆ ಹಿಡಿದುಕೊಂಡರು. ಹಿಟ್ಟು ಊದಿ ಕಣ್ಣಿಗೊತ್ತಿಕೊಂಡರು. ಆಮೇಲೆ ಕೇಳಿದರು: "ಅಲ್ಲಿಗೆ ಹೆಂಗೋಯ್ತೇ?"

"ಗೊತ್ತಿಲ್ಲ" ಎಂದೆ.

ಗೊತ್ತಿತ್ತು. ಅಲ್ಲೇ, ನೀರು ಕುದಿಯುವ ಮುಂಚೆ, ಹೇಳಬಹುದಾಗಿತ್ತು. ಹೇಳಲಿಲ್ಲ.

ಸೀಟಿನ ಮೇಲೆಯೇ ಪೂಜೆಯಾಯಿತು. ಪೀಟರ್ ಟೋಪಿ ತೆಗೆದು ಸುಮ್ಮನೆ ನಿಂತಿದ್ದ. ಆಮೇಲೆ ಮೂವರೂ ಕೂತು ಮುದ್ದೆ, ಬೇಳೆಸಾರು ಉಂಡೆವು. ಅವನು ಅಗಿಯಲು ಹೋದ. ಇವರು "ನೋ, ನೋ ಚ್ಯೂ. ಸ್ಟ್ರೈಟ್ ಗೋ" ಎಂದು ಗಂಟಲು ತೋರಿಸಿದರು. ಎರಡನೆಯ ಮುದ್ದೆ ಮುಗಿಯುವ ಹೊತ್ತಿಗೆ ಇವರ ಕೈ ನಡುಗುವುದು ನಿಂತಿತ್ತು. ಮೂರನೆಯದನ್ನು ಮುರಿಯುತ್ತಾ ನನ್ನ ಕಡೆ ನೋಡಿ, "ಸೆಕೆಂಡ್ ಗೇರಲ್ಲಿ ಬಾಳ ಎಳೀತೀಯ ಕಣೇ, ಇಂಜಿನ್ ಹೋಯ್ತದೆ" ಎಂದರು. ಬದುಕಿದೆ ಅಂದುಕೊಂಡೆ.

ಗುಬ್ಬಿ, ವಾಪಸು ಬಂದ ಮೇಲೆ

ಉಳಿದ ಎಂಟು ತಿಂಗಳ ವಿಷಯ ಇಲ್ಲಿ ಬೇಡ. ಕಕ್ಕಸಿನ ಡಬ್ಬ ಚೆಲ್ಲಿದ್ದು ಎರಡು ಸಲ. ನಾನು ಗಾಡಿ ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ಗುದ್ದಿದ್ದು ಒಂದು ಸಲ. ಇವರ ಪ್ರಕಾರ ಮೂರು. ಪೂಜೆಯ ನೀರಿಗೆ ಇವರಿಗೆ ಮರ ಸಿಕ್ಕಿದ್ದು ಬಯಲು ಮುಗಿದ ಮೇಲೆಯೇ. ಅಷ್ಟರಲ್ಲಿ ಹಾಸಿಗೆಯ ಕೆಳಗೆ ಒಂಬತ್ತು ಬಾಟಲಿ.

ಊರಿಗೆ ಬಂದು ಮೊದಲು ಹುತ್ರಿದುರ್ಗಕ್ಕೆ ಹೋದೆವು. ಇವರು ನಮ್ಮಣ್ಣನಿಗೆ ಕಥೆ ಹೇಳಿದರು. ಉಪವಾಸ ಮೂರು ದಿನವಾಗಿತ್ತು, ಸೈಕಲ್ಲಿನವರು ಇಬ್ಬರಾಗಿದ್ದರು. ನಾನು ತಿದ್ದಿದೆ. "ನಿಂದೊಂದು" ಎಂದರು.

ಆಮೇಲೆ ಗುಬ್ಬಿಗೆ, ಇವರ ತಮ್ಮ ನಂಜುಂಡನ ಮನೆಗೆ. ಉಂಡು ಜಗಲಿಯಲ್ಲಿ ಕೂತಿದ್ದೆವು. ಇವರು ಶುರುಮಾಡಿದರು: "ತಪಾಸ್ಣೆಯೋರು ಬಂದ್ರು ನೋಡು, ನಾನೇ ತಗ್ದು ಹಿಟ್ಟಿನ್ ಡಬ್ಬಕ್ಕೆ ಇಟ್ಬುಟ್ಟಿದೀನಿ. ಮರ್ತೇ ಹೋಯ್ತು. ಪಾಪ, ಇವ್ಳು ಎರಡ್ ದಿನ ಒದ್ದಾಡುದ್ಲು."

ನಾನು ಬೆಚ್ಚಿದೆ. ನಂಜುಂಡ ನಕ್ಕ. "ಅಣ್ಣಂಗೆ ಅರಳುಮರಳು ಸುರುವಾಯ್ತು ಬುಡಿ ಅತ್ತಿಗೆ. ಲಿಂಗಾನೇ ಎಲ್ಲಿಟ್ಟೆ ಅಂತ ಮರೆಯೋ ಮನುಷ್ಯನ ಕೈಲಿ ಇನ್ಮೇಲೆ ಕಾರ್ ಕೊಡಬ್ಯಾಡಿ."

ಎಲ್ಲರೂ ನಕ್ಕರು. ಇವರೂ ನಕ್ಕರು. ನನಗೆ ತಡೆಯಲಾಗಲಿಲ್ಲ.

"ಇಟ್ಟಿದ್ದು ಅವರಲ್ಲ. ನಾನು."

"ಸುಮ್ನಿರೇ, ನಿಂಗೆ ಜ್ಞಾಪಕ ಇಲ್ಲ" ಎಂದರು ಇವರು.

"ನನಗೆ ಚೆನ್ನಾಗಿ ಜ್ಞಾಪಕ ಇದೆ!"

ನಂಜುಂಡನ ಹೆಂಡತಿ ಮಂಗಳಾ ಮಧ್ಯೆ ಬಂದಳು. "ಅಕ್ಕ ದಿನಾ ಬರೀತಿದ್ರಂತಲ್ಲ. ಪುಸ್ತಕ ತಂದಿದೀರಾ? ನೋಡಿದ್ರೆ ಗೊತ್ತಾಯ್ತದೆ."

ಬ್ಯಾಗಿನಲ್ಲೇ ಇತ್ತು. ಅವಳೇ ಪುಟ ಹುಡುಕಿ, ಜಗಲಿಗೆಲ್ಲ ಕೇಳುವ ಹಾಗೆ ಓದಿದಳು: "ತಪಾಸಣೆ ಶುರುವಾದ ಕೂಡಲೆ ಇವರು ಕೊಕ್ಕೆಯಿಂದ ಕರಡಿಗೆ ತೆಗೆದು..." ನಿಲ್ಲಿಸಿ ನನ್ನನ್ನು ನೋಡಿದಳು. "ನೀವೇ ಬರ್ದಿದೀರಲ್ಲ ಅಕ್ಕ, ತೆಗ್ದಿದ್ದು ಬಾವನೇ ಅಂತ."

ಆ ಸಾಲು ತಪ್ಪು ಎಂದೆ. ಅಂದೇ ಬರೆದದ್ದು ತಪ್ಪು, ಆಮೇಲೆ ನೆನಪಾದದ್ದು ಸರಿ ಎಂದೆ. ಜೀವಮಾನವಿಡೀ ಯಾವ ಮಾತನ್ನು ಒಪ್ಪಬೇಡಿ ಎಂದು ಪಾಠ ಹೇಳಿದ್ದೆನೋ ಅದನ್ನೇ ಒಪ್ಪಿ ಎಂದು ಬೇಡಿಕೊಂಡೆ. ಯಾರೂ ಒಪ್ಪಲಿಲ್ಲ. "ಗಂಡನ ಮರ್ಯಾದೆ ಕಾಯ್ತಾ ಅವ್ರೆ ಅತ್ತಿಗೆ" ಎಂದು ನಂಜುಂಡ ಕಾಫಿ ಲೋಟ ಎತ್ತಿದ.

ಬಟವಾಡಿಗೆ ವಾಪಸು ಬರುವಾಗ ನಾನೇ ಓಡಿಸಿದೆ. ಈಗೆಲ್ಲ ನಾನೇ. ಮಲ್ಲಸಂದ್ರ ದಾಟಿದೆವು. ಆಮೇಲೆ ಕೇಳಿದೆ.

"ನಿಜ ಹೇಳಿ. ನೀವೇ ಇಟ್ಟಿದ್ದು ಅಂತ ನಿಮಗೆ ನಿಜವಾಗ್ಲೂ ಜ್ಞಾಪಕ ಇದೆಯಾ?"

ಕೊರಳ ದಾರ ಸರಿಮಾಡಿಕೊಂಡರು. ಕರಡಿಗೆಯ ಮುಚ್ಚಳದ ಸಂದಿಯಲ್ಲಿ ರಾಗಿಹಿಟ್ಟು ಇನ್ನೂ ಅಂಟಿಕೊಂಡಿದೆ. ತೊಳೆಯಿರಿ ಎಂದರೆ ತೊಳೆಯುವುದಿಲ್ಲ.

"ನಲವತ್ ವರ್ಸದಲ್ಲಿ ನಾನು ಒಂದಿನ ಹಿಟ್ಟಿನ್ ಡಬ್ಬ ಮುಟ್ಟಿದೀನೇನೇ?" ಎಂದರು. "ಮುಂದೆ ನೋಡ್ಕಂಡ್ ಓಡ್ಸು."